ನಮ್ಮೂರಿನ ಪುಸ್ತಕ ಯಾವ ಕಪಾಟಿನಲ್ಲಿದೆ? ಕಾಸರಗೋಡಿನವರಿಗೆ ವಿಶ್ವವಿದ್ಯಾಲಯದ ಲೈಬ್ರರಿ ಬಳಸುವ ಮಾರ್ಗದರ್ಶಿ

ಕಾಸರಗೋಡಿನ ಬಗ್ಗೆ ಓದಲು ಹೊರಟವರಿಗೆ ಒಂದು ತೊಂದರೆ ತಪ್ಪಿದ್ದಲ್ಲ. ಪುಸ್ತಕ ಇಲ್ಲ ಅಂತಲ್ಲ, ಬೇಕಾದಷ್ಟಿವೆ. ಆದರೆ ಲೈಬ್ರರಿಯ ಕಂಪ್ಯೂಟರಿನಲ್ಲಿ ಕಾಸರಗೋಡು ಅಂತ ಟೈಪ್ ಮಾಡಿದರೆ ಅದರಲ್ಲಿ ಅರ್ಧವೂ ಕಾಣಿಸುವುದಿಲ್ಲ.

ಕಾರಣ ನಮ್ಮ ಚರಿತ್ರೆಯಲ್ಲೇ ಇದೆ. 1956ರ ನವೆಂಬರ್ 1ರ ತನಕ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಅಂದು ಕೇರಳಕ್ಕೆ ಸೇರಿತು. 1957ರಿಂದ ಕಣ್ಣೂರು ಜಿಲ್ಲೆಯ ಭಾಗವಾಯಿತು. 1984ರ ಮೇ 24ಕ್ಕೆ ಸ್ವಂತ ಜಿಲ್ಲೆಯಾಯಿತು. ಪುಸ್ತಕಗಳು, ವರದಿಗಳು, ದಾಖಲೆಗಳು ಎಲ್ಲವೂ ಆಯಾ ಕಾಲದ ಹೆಸರಿನಲ್ಲೇ ಕಪಾಟು ಸೇರಿವೆ. ಆ ಹೆಸರುಗಳು ಗೊತ್ತಿದ್ದವರಿಗೆ ಲೈಬ್ರರಿ ತೆರೆದುಕೊಳ್ಳುತ್ತದೆ. ಗೊತ್ತಿಲ್ಲದವರು "ನಮ್ಮ ಬಗ್ಗೆ ಯಾರೂ ಏನೂ ಬರೆದಿಲ್ಲ" ಅಂತ ಬೇಸರ ಮಾಡಿಕೊಂಡು ವಾಪಸ್ ಬರುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ಬರೆದವರಿದ್ದಾರೆ, ಹುಡುಕುವ ದಾರಿ ತಿಳಿದಿರಬೇಕು ಅಷ್ಟೇ.

ಎಂ.ಎ. ಪ್ರಾಜೆಕ್ಟ್ ಮಾಡುವವರು, ಪಿಎಚ್.ಡಿ. ಶುರು ಮಾಡಿದವರು, ಊರಿನ ಶಾಲೆಯ ಶತಮಾನೋತ್ಸವಕ್ಕೆ ಲೇಖನ ಬರೆಯಬೇಕಾದ ಮೇಷ್ಟ್ರು, ಯಕ್ಷಗಾನದ ಹುಚ್ಚಿರುವ ನಿವೃತ್ತರು, ಇವರೆಲ್ಲರನ್ನೂ ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ.

ಮನೆಯಲ್ಲೇ ಮಾಡಬೇಕಾದ ಕೆಲಸ

ಲೈಬ್ರರಿಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಯಕ್ಷಗಾನ ಅಂತ ಬರೆದರೆ ಅದು ಪ್ರಶ್ನೆಯಲ್ಲ. 'ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಕಾಲ ಮತ್ತು ಕೃತಿಗಳ ಬಗ್ಗೆ ವಿದ್ವಾಂಸರು ಯಾಕೆ ಬೇರೆ ಬೇರೆ ಮಾತು ಹೇಳಿದ್ದಾರೆ?' ಇದು ಪ್ರಶ್ನೆ. ಹೀಗೆ ಬರೆದ ಕೂಡಲೇ ಹುಡುಕಬೇಕಾದ ಹೆಸರುಗಳು ತಾವಾಗಿಯೇ ಸಿಗುತ್ತವೆ: ಪಾರ್ತಿಸುಬ್ಬ, ಕುಂಬಳೆ, ಈ ಚರ್ಚೆಯಲ್ಲಿ ಭಾಗವಹಿಸಿದ ಮುಳಿಯ ತಿಮ್ಮಪ್ಪಯ್ಯ, ಶಿವರಾಮ ಕಾರಂತ, ಕುಕ್ಕಿಲ ಕೃಷ್ಣ ಭಟ್ಟ.

ಅದೇ ಹಾಳೆಯ ಇನ್ನೊಂದು ಬದಿಯಲ್ಲಿ ಊರಿನ ಹೆಸರುಗಳನ್ನು ಪಟ್ಟಿ ಮಾಡಿ. ಕಾಸರಗೋಡಿಗೆ ಇಂಗ್ಲಿಷಿನಲ್ಲಿ ಕನಿಷ್ಠ ಎರಡು ಕಾಗುಣಿತ ಬಳಕೆಯಲ್ಲಿವೆ. ಆರ್ ಆದ ಮೇಲೆ ಎ ಇರುವುದು ಒಂದು, ಇಲ್ಲದ್ದು ಇನ್ನೊಂದು. ದಕ್ಷಿಣ ಕನ್ನಡಕ್ಕೆ ಸೌತ್ ಕೆನರಾ. ಇದರ ಕೆನರಾವನ್ನು ಸಿಯಿಂದಲೂ ಬರೆದಿದ್ದಾರೆ, ಕೆಯಿಂದಲೂ ಬರೆದಿದ್ದಾರೆ. ಕಣ್ಣೂರಿಗೆ ಹಳೆಯ ಸರಕಾರಿ ಹೆಸರು ಕ್ಯಾನನೂರ್. ಹೊಸದುರ್ಗ, ಮಂಜೇಶ್ವರ, ಕುಂಬಳೆ, ಬೇಕಲ ಇವಕ್ಕೂ ಹೀಗೇ ಎರಡು ಮೂರು ರೂಪ ಬರೆದುಕೊಳ್ಳಿ. ಮಲಯಾಳಂ ಓದಲು ಬರುವುದಾದರೆ ಆ ಲಿಪಿಯಲ್ಲೂ ಬರೆಯಿರಿ. ಸಪ್ತಭಾಷಾ ಸಂಗಮ ಭೂಮಿ ಅಂತ ವೇದಿಕೆಗಳಲ್ಲಿ ಹೇಳುತ್ತೇವಲ್ಲ, ಲೈಬ್ರರಿಯಲ್ಲಿ ಹುಡುಕುವಾಗ ಆ ಮಾತು ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಈ ಒಂದು ಹಾಳೆ ಅರ್ಧ ದಿನ ಉಳಿಸುತ್ತದೆ.

ಯಾವ ಲೈಬ್ರರಿಗೆ ಹೋಗಬೇಕು

ನಮ್ಮ ಜಿಲ್ಲೆಯಲ್ಲೇ ಒಂದು ಕೇಂದ್ರೀಯ ವಿಶ್ವವಿದ್ಯಾಲಯವಿದೆ. 2009ರಲ್ಲಿ ಶುರುವಾದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದ ಕ್ಯಾಂಪಸ್ ಇರುವುದು ಪೆರಿಯದಲ್ಲಿ. ಅಲ್ಲಿ ಕನ್ನಡ ವಿಭಾಗವೂ ಇದೆ. ಕಾಸರಗೋಡಿನಿಂದ ಹೋಗುವವರು ರಾಷ್ಟ್ರೀಯ ಹೆದ್ದಾರಿಯಲ್ಲಿ, ಅಂದರೆ ಚೆರ್ಕಳ, ಚಟ್ಟಂಚಾಲ್, ಪೊಯಿನಾಚಿ ಮಾರ್ಗವಾಗಿ ಕಾಞಂಗಾಡಿಗೆ ಹೋಗುವ ಬಸ್ ಹತ್ತಬೇಕು. ಚಂದ್ರಗಿರಿ ದಾರಿಯ ಬಸ್ ಬೇಕಲದ ಕಡೆಯಿಂದ ಹೋಗುತ್ತದೆ, ಪೆರಿಯ ಸಿಗುವುದಿಲ್ಲ.

ಕಾಸರಗೋಡು ಸರಕಾರಿ ಕಾಲೇಜು 1957ರದ್ದು. ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದೆ. ಅಲ್ಲಿ ಕನ್ನಡ ಸ್ನಾತಕೋತ್ತರ ವಿಭಾಗವಿದೆ. ಹಳೆಯ ಕನ್ನಡ ಪುಸ್ತಕಗಳಿಗೆ ಇಂಥ ಹಳೆಯ ಕಾಲೇಜಿನ ಲೈಬ್ರರಿಯನ್ನು ಮೊದಲು ನೋಡುವುದು ಒಳ್ಳೆಯದು. ಹೊಸ ವಿಶ್ವವಿದ್ಯಾಲಯಗಳು ಶುರುವಾಗುವ ಹೊತ್ತಿಗೆ ಎಷ್ಟೋ ಪುಸ್ತಕಗಳ ಪ್ರತಿಗಳು ಮುಗಿದಿದ್ದವು. ಆಗ ಕೊಂಡಿಟ್ಟವರ ಹತ್ತಿರ ಮಾತ್ರ ಅವು ಉಳಿದಿವೆ.

ಮಂಜೇಶ್ವರ, ಉಪ್ಪಳ, ವರ್ಕಾಡಿ ಕಡೆಯವರಿಗೆ ಪೆರಿಯಕ್ಕಿಂತ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯವೇ ಹತ್ತಿರ. ತಲಪಾಡಿ ದಾಟಿ ತೊಕ್ಕೊಟ್ಟಿನಲ್ಲಿ ಇಳಿದರೆ ದೇರಳಕಟ್ಟೆ ಮಾರ್ಗವಾಗಿ ಅದರ ಕ್ಯಾಂಪಸ್ ಮಂಗಳಗಂಗೋತ್ರಿಗೆ ಬಸ್ ಇದೆ. ಈ ವಿಶ್ವವಿದ್ಯಾಲಯ 1980ರಲ್ಲಿ ಆದದ್ದು. ತುಳು, ಯಕ್ಷಗಾನ, ಭೂತಾರಾಧನೆ, ಕರಾವಳಿಯ ಚರಿತ್ರೆ ಓದುವವರು ಅಲ್ಲಿಗೆ ಹೋಗದೆ ಇರಬಾರದು. ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವಿದೆ. ಆರು ಸಂಪುಟಗಳ ತುಳು ನಿಘಂಟು ಹೊರಬಂದದ್ದು ಅಲ್ಲಿಂದ. ಮಂಜೇಶ್ವರದ ಕವಿಯ ಹೆಸರಿನ ಕೇಂದ್ರ ಉಡುಪಿಯಲ್ಲಿದೆ ಅನ್ನುವುದನ್ನು ಸುಮ್ನೆ ಮಾಹಿತಿ ಅಂತ ಓದಿ ಬಿಡಬೇಡಿ. ನಮ್ಮ ಸಾಮಗ್ರಿ ರಾಜ್ಯದ ಗಡಿ ನೋಡಿಕೊಂಡು ಕೂತಿಲ್ಲ, ನಾವೂ ಗಡಿ ನೋಡಿಕೊಂಡು ಹುಡುಕಬಾರದು.

ಬಾಗಿಲು ದಾಟುವುದು

ಆ ಸಂಸ್ಥೆಯ ವಿದ್ಯಾರ್ಥಿಯಾಗಿದ್ದರೆ ಐಡಿ ಕಾರ್ಡ್ ಸಾಕು. ಹೊರಗಿನವರಾದರೆ ಮೊದಲೇ ಫೋನ್ ಮಾಡಿ ಅಥವಾ ಇಮೇಲ್ ಬರೆದು ಕೇಳಿ. ಸಾಮಾನ್ಯವಾಗಿ ನಿಮ್ಮ ಕಾಲೇಜಿನ ಪ್ರಾಂಶುಪಾಲರಿಂದ ಅಥವಾ ವಿಭಾಗ ಮುಖ್ಯಸ್ಥರಿಂದ ಒಂದು ಪತ್ರ ಕೇಳುತ್ತಾರೆ. ಪತ್ರದಲ್ಲಿ ವಿಷಯ ಏನು, ಯಾವ ದಿನಗಳಲ್ಲಿ ಬರುತ್ತೀರಿ ಅನ್ನುವುದು ಇರಲಿ. ಜೊತೆಗೆ ಆಧಾರ್ ಪ್ರತಿ ಇಟ್ಟುಕೊಳ್ಳಿ. ಹೊರಗಿನವರಿಗೆ ಅಲ್ಲೇ ಕೂತು ಓದಲು ಬಿಡುತ್ತಾರೆ, ಮನೆಗೆ ಪುಸ್ತಕ ಕೊಡುವುದು ಕಡಿಮೆ. ಬ್ಯಾಗ್ ಹೊರಗಿಡಬೇಕಾಗುತ್ತದೆ. ಪರೀಕ್ಷೆಯ ಸಮಯದಲ್ಲಿ ಹೋಗಬೇಡಿ, ಕೂರಲು ಜಾಗ ಸಿಗುವುದಿಲ್ಲ.

ಓಪ್ಯಾಕ್: ಹೆಸರು ಸರಿ ಹೊಡೆದರೆ ಸಿಗುತ್ತದೆ

ಲೈಬ್ರರಿಯ ಪುಸ್ತಕಪಟ್ಟಿ ಈಗ ಕಂಪ್ಯೂಟರಿನಲ್ಲಿದೆ. ಅದನ್ನು ಓಪ್ಯಾಕ್ ಅನ್ನುತ್ತಾರೆ. ದೇಶದ ಬಹಳಷ್ಟು ವಿಶ್ವವಿದ್ಯಾಲಯಗಳು ಕೋಹಾ ಅನ್ನುವ ಉಚಿತ ತಂತ್ರಾಂಶವನ್ನು ಬಳಸುತ್ತವೆ. ಹೆಚ್ಚಿನ ಕಡೆ ಮನೆಯಿಂದಲೇ ಮೊಬೈಲಿನಲ್ಲಿ ನೋಡಬಹುದು. ಹೊರಡುವ ಮೊದಲು ನೋಡಿಕೊಂಡರೆ ಬಸ್ ಚಾರ್ಜ್ ಉಳಿಯುತ್ತದೆ.

ಕನ್ನಡ ಪುಸ್ತಕ ಹುಡುಕುವಾಗ ಒಂದು ವಿಷಯ ನೆನಪಿಡಿ. ಪಟ್ಟಿ ಮಾಡಿದವರು ಹೆಸರನ್ನು ಕನ್ನಡ ಲಿಪಿಯಲ್ಲಿ ಹಾಕಿರಬಹುದು, ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿರಬಹುದು, ಒಂದೇ ಲೈಬ್ರರಿಯಲ್ಲಿ ಎರಡೂ ಬಗೆ ಇರಬಹುದು. ಕನ್ನಡ ಗೊತ್ತಿಲ್ಲದ ಸಿಬ್ಬಂದಿ ಕೇಳಿ ಬರೆದುಕೊಂಡಿದ್ದರೆ ಕಾಗುಣಿತ ಇನ್ನೂ ಬೇರೆಯಾಗಿರುತ್ತದೆ. ಕಯ್ಯಾರ ಕಿಞ್ಞಣ್ಣ ರೈ ಅವರ ಹೆಸರನ್ನೇ ತೆಗೆದುಕೊಳ್ಳಿ. ಕಿಞ್ಞಣ್ಣ ಅನ್ನುವುದನ್ನು ಇಂಗ್ಲಿಷಿನಲ್ಲಿ ಎನ್ ಎಚ್ ಹಾಕಿ ಬರೆಯುತ್ತಾರೆ, ಎನ್ ವೈ ಹಾಕಿ ಬರೆಯುತ್ತಾರೆ, ಎರಡು ಎನ್ ಹಾಕಿಯೂ ಬರೆಯುತ್ತಾರೆ. ಕೆಲವರು ಅವರನ್ನು ಕೆ ಅಕ್ಷರದಡಿ ಸೇರಿಸಿರುತ್ತಾರೆ, ಕೆಲವರು ರೈ ಅಂತ ಆರ್ ಅಡಿಯಲ್ಲಿ. ಇಂಥ ಕಡೆ ಪೂರ್ತಿ ಹೆಸರು ಟೈಪ್ ಮಾಡಲೇಬೇಡಿ. ಕಯ್ಯಾರ ಅಂತ ಮಾತ್ರ ಹೊಡೆಯಿರಿ. ಅದೂ ಆಗದಿದ್ದರೆ ಮೊದಲ ನಾಲ್ಕೈದು ಅಕ್ಷರ ಹಾಕಿ ಕೊನೆಗೆ ನಕ್ಷತ್ರದ ಗುರುತು ಹಾಕಿ. ಆ ಅಕ್ಷರಗಳಿಂದ ಶುರುವಾಗುವುದನ್ನೆಲ್ಲ ಕೋಹಾ ತೋರಿಸುತ್ತದೆ.

ಅಮೆರಿಕದ ಲೈಬ್ರರಿಗಳಲ್ಲಿ, ಹಲವು ದೇಶಗಳ ಲೈಬ್ರರಿಗಳ ಒಟ್ಟು ಪಟ್ಟಿಯಾದ ವರ್ಲ್ಡ್‌ಕ್ಯಾಟ್‌ನಲ್ಲಿ ಹುಡುಕುವಾಗ ಇದು ಇನ್ನೂ ಮುಖ್ಯ. ಅವರು ಷ ಅಕ್ಷರಕ್ಕೆ ಎಸ್ ಬರೆದು ಕೆಳಗೆ ಚುಕ್ಕಿ ಇಡುತ್ತಾರೆ, ಎಚ್ ಹಾಕುವುದಿಲ್ಲ. ಹಾಗಾಗಿ ಯಕ್ಷಗಾನ ಅಂತ ನಾವು ಬರೆಯುವ ಹಾಗೆ ಎಸ್ ಎಚ್ ಹಾಕಿ ಹುಡುಕಿದರೆ ಕನ್ನಡ ಪುಸ್ತಕಗಳು ಕೈತಪ್ಪುತ್ತವೆ. ಎಚ್ ತೆಗೆದು ಮತ್ತೊಮ್ಮೆ ಹುಡುಕಿ, ಪಟ್ಟಿ ಉದ್ದವಾಗುತ್ತದೆ.

ಒಂದು ಒಳ್ಳೆಯ ಪುಸ್ತಕ ಸಿಕ್ಕಿತು ಅಂದುಕೊಳ್ಳಿ. ಅದರ ಪುಟದಲ್ಲಿ ವಿಷಯ ಅನ್ನುವ ಸಾಲಿನಲ್ಲಿ ಕೆಲವು ಪದಗಳಿರುತ್ತವೆ, ಅವನ್ನು ಒತ್ತಿ. ಅದೇ ವಿಷಯದ ಬೇರೆ ಪುಸ್ತಕಗಳು ಬರುತ್ತವೆ. ಕೋಹಾದಲ್ಲಿ ಕಪಾಟು ನೋಡುವ ಕೊಂಡಿಯೂ ಇರುತ್ತದೆ. ಒತ್ತಿದರೆ ಆ ಪುಸ್ತಕದ ಅಕ್ಕಪಕ್ಕ ಏನಿದೆ ಅಂತ ಮನೆಯಲ್ಲೇ ಕಾಣುತ್ತದೆ.

ಸಿಕ್ಕಿದ್ದರ ಕಾಲ್ ನಂಬರ್, ಅಂದರೆ ಪುಸ್ತಕ ಕಪಾಟಿನಲ್ಲಿ ಎಲ್ಲಿದೆ ಅಂತ ಹೇಳುವ ಸಂಖ್ಯೆ, ಪೂರ್ತಿ ಬರೆದುಕೊಳ್ಳಿ. ಹೆಸರು ಮಾತ್ರ ಬರೆದುಕೊಂಡು ಕಪಾಟಿಗೆ ಹೋದರೆ ಸುತ್ತು ಹೊಡೆಯಬೇಕಾಗುತ್ತದೆ.

ಕಪಾಟಿನ ಮುಂದೆ

ಬೆನ್ನಿನ ಮೇಲೆ ಅಂಟಿಸಿದ ಚೀಟಿಯನ್ನು ಹತ್ತಿರದಿಂದ ನೋಡಿ. ಹೆಚ್ಚಿನ ಕಡೆ ಡ್ಯೂಯಿ ದಶಮಾಂಶ ಪದ್ಧತಿ ಬಳಸುತ್ತಾರೆ. ಮೆಲ್ವಿಲ್ ಡ್ಯೂಯಿ ಇದನ್ನು ಪ್ರಕಟಿಸಿದ್ದು 1876ರಲ್ಲಿ. ಚೀಟಿಯಲ್ಲಿ 894.8142 ಅಂತ ಇದೆ ಅನ್ನಿ. ಮೊದಲ 8 ಅಂದರೆ ಸಾಹಿತ್ಯ. 894.8 ಅಂದರೆ ದ್ರಾವಿಡ ಭಾಷೆಗಳದ್ದು. 894.814 ಕನ್ನಡ. ಕೊನೆಯ 2 ನಾಟಕ. ಅಲ್ಲಿ 1 ಇದ್ದರೆ ಕಾವ್ಯ, 3 ಇದ್ದರೆ ಕಾದಂಬರಿ, ಕತೆ. ಮಲಯಾಳಂ ಸಾಹಿತ್ಯ 894.812, ತಮಿಳು 894.811, ತೆಲುಗು 894.827. ಅಂಕಿಯ ಕೆಳಗಿರುವ ಅಕ್ಷರಗಳು ಲೇಖಕರ ಹೆಸರಿನವು. ಇಷ್ಟು ಗೊತ್ತಿದ್ದರೆ ಯಾವ ಊರಿನ ಲೈಬ್ರರಿಗೆ ಹೋದರೂ ಕನ್ನಡದ ಸಾಲಿಗೆ ಯಾರನ್ನೂ ಕೇಳದೆ ಹೋಗಬಹುದು.

ಆದರೆ ನಮ್ಮ ಕಡೆಯ ವಿಷಯಗಳು ಒಂದೇ ಸಾಲಿನಲ್ಲಿ ಇರುವುದಿಲ್ಲ. ಯಕ್ಷಗಾನವನ್ನೇ ನೋಡಿ. ಪ್ರಸಂಗದ ಪಠ್ಯ ನಾಟಕ ಅಂತ ಲೆಕ್ಕವಾದರೆ 894.8142ಕ್ಕೆ ಹೋಗುತ್ತದೆ, ಕಾವ್ಯ ಅಂತ ಲೆಕ್ಕವಾದರೆ 894.8141ಕ್ಕೆ. ರಂಗಭೂಮಿ ಅಂತ ಬರೆದ ಪುಸ್ತಕ 792ರಲ್ಲಿ. ಕುಣಿತದ ಬಗ್ಗೆ ಇದ್ದರೆ 793. ಜಾನಪದ ಅಂತ ಪಟ್ಟಿ ಮಾಡಿದ್ದರೆ 398. ಭೂತಾರಾಧನೆ, ತೆಯ್ಯಂ ಹುಡುಕುವವರಿಗೆ ಇದರ ಜೊತೆಗೆ 294.5 ಇದೆ, ಅದು ಹಿಂದೂ ಧರ್ಮದ್ದು. 306 ಇದೆ, ಅದು ಸಂಸ್ಕೃತಿ, ಸಮಾಜದ್ದು. ತುಳು, ಹವ್ಯಕ ಕನ್ನಡ ಮುಂತಾದ ಭಾಷಾ ಅಧ್ಯಯನಗಳು 494.8ರ ಆಸುಪಾಸಿನಲ್ಲಿ.

ಚರಿತ್ರೆಯಲ್ಲಂತೂ ಗಡಿ ಎದ್ದು ಕಾಣುತ್ತದೆ. ಕೇರಳದ ಚರಿತ್ರೆಗೆ 954.83, ಕರ್ನಾಟಕಕ್ಕೆ 954.87. ಕಾಸರಗೋಡು ಜಿಲ್ಲೆಯ ಬಗ್ಗೆ ಈಗ ಬಂದ ಪುಸ್ತಕ ಮೊದಲಿನದರಲ್ಲಿದ್ದರೆ, ನಮ್ಮ ತಾಲೂಕಿನ ಬಗ್ಗೆ ಪುಟಗಟ್ಟಲೆ ಬರೆದಿರುವ ದಕ್ಷಿಣ ಕನ್ನಡದ ಹಳೆಯ ಚರಿತ್ರೆ ಎರಡನೆಯದರಲ್ಲಿ ಇರುತ್ತದೆ. ಎರಡೂ ಕಪಾಟುಗಳ ಮುಂದೆ ನಿಲ್ಲಬೇಕು. ತಮಿಳುನಾಡಿನ 954.82ನ್ನೂ ಒಮ್ಮೆ ನೋಡಿ. ಮದ್ರಾಸ್ ಪ್ರೆಸಿಡೆನ್ಸಿಯ ಕಾಲದ ಪುಸ್ತಕಗಳು ಅಲ್ಲಿ ಸೇರಿಕೊಂಡಿರುವುದುಂಟು.

ಬೇಕಾದ ಪುಸ್ತಕ ಸಿಕ್ಕ ಮೇಲೆ ಅದರ ಎಡಕ್ಕೆ ಹತ್ತು, ಬಲಕ್ಕೆ ಹತ್ತು ಪುಸ್ತಕಗಳ ಬೆನ್ನು ಓದಿ. ಕಂಪ್ಯೂಟರ್ ತೋರಿಸದ ಪುಸ್ತಕ ಹೀಗೇ ಸಿಗುವುದು. ಓದಿದ್ದನ್ನು ವಾಪಸ್ ಕಪಾಟಿನಲ್ಲಿ ಇಡಬೇಡಿ, ಮೇಜಿನ ಮೇಲೆ ಬಿಡಿ. ತಪ್ಪು ಜಾಗಕ್ಕೆ ಹೋದ ಪುಸ್ತಕ ಕಳೆದುಹೋದ ಹಾಗೆಯೇ.

ಸರಕಾರಿ ವರದಿ ಮತ್ತು ಜನಗಣತಿ

ಇಲ್ಲಿ ಸ್ವಲ್ಪ ನಿಂತು ನೋಡೋಣ. ಗಡಿನಾಡಿನವರಿಗೆ ಇದಕ್ಕಿಂತ ಬೆಲೆಯುಳ್ಳ ಕಪಾಟು ಲೈಬ್ರರಿಯಲ್ಲಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಆದರೆ ವಿದ್ಯಾರ್ಥಿಗಳು ಅತ್ತ ಹೋಗುವುದೇ ಅಪರೂಪ.

ಕಾಸರಗೋಡಿನಲ್ಲಿ ಕನ್ನಡ ಮಾತನಾಡುವವರ ಸಂಖ್ಯೆ ಕಾಲಕಾಲಕ್ಕೆ ಹೇಗೆ ಬದಲಾಯಿತು ಅಂತ ನೋಡಬೇಕು ಅಂದುಕೊಳ್ಳಿ. ಜನಗಣತಿ ಸಂಪುಟಗಳು ಬೇಕು. 1951 ಮತ್ತು ಅದಕ್ಕೆ ಹಿಂದಿನವು ಬೇಕಾದರೆ ಮದ್ರಾಸ್ ಸಂಪುಟದಲ್ಲಿ ದಕ್ಷಿಣ ಕನ್ನಡ ಜಿಲ್ಲೆ ತೆಗೆದು, ಅದರೊಳಗೆ ಕಾಸರಗೋಡು ತಾಲೂಕು ನೋಡಬೇಕು. 1961, 1971, 1981 ಇವು ಮೂರಕ್ಕೂ ಕೇರಳ ಸಂಪುಟದಲ್ಲಿ ಕ್ಯಾನನೂರ್ ಜಿಲ್ಲೆ. ಕಾಸರಗೋಡು ಅನ್ನುವ ಜಿಲ್ಲೆಯ ಹೆಸರು ಮೊದಲು ಕಾಣುವುದು 1991ರಲ್ಲಿ. ಹೆಸರಿನ ಜೊತೆಗೆ ಗಡಿಯೂ ಬದಲಾಗಿದೆ ಅನ್ನುವುದು ನೆನಪಿರಲಿ. ಹಿಂದಿನ ಕಾಸರಗೋಡು ತಾಲೂಕಿನೊಳಗೆ ಈಗಿನ ಮಂಜೇಶ್ವರವೂ ಇತ್ತು, ಹೊಸದುರ್ಗದ ಕಡೆಯ ಊರುಗಳೂ ಇದ್ದವು. ಹಾಗಾಗಿ 1951ರ ತಾಲೂಕಿನ ಅಂಕಿಯನ್ನು 2011ರ ತಾಲೂಕಿನ ಅಂಕಿಯ ಪಕ್ಕದಲ್ಲಿ ನೇರವಾಗಿ ಇಟ್ಟರೆ ಲೆಕ್ಕ ತಪ್ಪುತ್ತದೆ. ಗ್ರಾಮಗಳ ಪಟ್ಟಿ ಇಟ್ಟುಕೊಂಡು ಹೋಲಿಸಬೇಕು. ಅದಕ್ಕೆ ಜಿಲ್ಲಾ ಜನಗಣತಿ ಕೈಪಿಡಿಗಳು ಬೇಕು. ಹಳೆಯ ಸಂಪುಟಗಳಲ್ಲಿ ಬಹಳಷ್ಟು ಜನಗಣತಿ ಇಲಾಖೆಯ ಜಾಲತಾಣದಲ್ಲೂ ಸಿಗುತ್ತವೆ.

ಗಡಿ ವಿವಾದದ ಬಗ್ಗೆ ಓದುವವರು ಮಹಾಜನ್ ವರದಿಯನ್ನು ಕೇಳುತ್ತಾರೆ. ಆಯೋಗ ನೇಮಕವಾದದ್ದು 1966ರಲ್ಲಿ, ವರದಿ ಬಂದದ್ದು 1967ರಲ್ಲಿ. ಚಂದ್ರಗಿರಿ ನದಿಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಅದು ಹೇಳಿತ್ತು. ಆದರೆ ವರದಿಯ ಅಧಿಕೃತ ಹೆಸರಿನಲ್ಲಿ ಮಹಾಜನ್ ಅಂತ ಇಲ್ಲ, ಕಾಸರಗೋಡು ಅಂತಲೂ ಇಲ್ಲ. ಮಹಾರಾಷ್ಟ್ರ, ಮೈಸೂರು, ಕೇರಳ ಗಡಿ ವಿವಾದ ಆಯೋಗ ಅಂತಿದೆ. ಓಪ್ಯಾಕ್‌ನಲ್ಲಿ ಆ ಮೂರು ರಾಜ್ಯಗಳ ಹೆಸರು ಇಂಗ್ಲಿಷಿನಲ್ಲಿ ಹೊಡೆದು ಜೊತೆಗೆ ಬೌಂಡರಿ ಅನ್ನುವ ಪದ ಹಾಕಿ. ಕಾಸರಗೋಡು ಕೇರಳಕ್ಕೆ ಸೇರಲಿ ಅಂತ ಹೇಳಿದ 1955ರ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿಯನ್ನೂ ಜೊತೆಯಲ್ಲೇ ತರಿಸಿಕೊಳ್ಳಿ. ಎರಡನ್ನೂ ಮುಂದಿಟ್ಟುಕೊಂಡು ಓದಿದರೇ ವಿಷಯ ಪೂರ್ತಿ ತಿಳಿಯುವುದು. ಬೆಳಗಾವಿ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಸಂಗತಿ ಹುಡುಕುವವರಿಗೂ ಇದೇ ಎರಡು ವರದಿ ಬೇಕು. ಆದರೆ ಅವರ ಹಳೆಯ ದಾಖಲೆಗಳು ಬಾಂಬೆ ಪ್ರೆಸಿಡೆನ್ಸಿ ಮತ್ತು ಸಂಸ್ಥಾನಗಳ ಹೆಸರಿನಲ್ಲಿರುತ್ತವೆ.

ಹಳೆಯ ಜಿಲ್ಲಾ ಕೈಪಿಡಿಗಳಲ್ಲಿ ಸೌತ್ ಕೆನರಾ ಮ್ಯಾನ್ಯುಯಲ್ ಎರಡು ಭಾಗಗಳಲ್ಲಿದೆ. ಮೊದಲನೆಯದನ್ನು ಸ್ಟರಾಕ್ 1894ರಲ್ಲಿ ತಂದರು, ಎರಡನೆಯದು ಸ್ಟುವರ್ಟ್ ಅವರದ್ದು, 1895. ಭೂಮಿ, ಬೆಳೆ, ಕಂದಾಯ, ಜಾತಿಗಳ ವಿವರ ಎಲ್ಲ ಇದೆ. ಬರೆದವರು ಆಳುವವರ ಕಡೆಯವರು. ಅಂಕಿಅಂಶಕ್ಕೆ ಉಪಯೋಗಿಸಿ, ಜನರ ಬಗ್ಗೆ ಅವರು ಹೇಳಿದ ಮಾತುಗಳನ್ನು ಎರಡು ಸಲ ಯೋಚಿಸಿ ತೆಗೆದುಕೊಳ್ಳಿ. ಶಾಸನ ಬೇಕಾದವರು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ ಏಳನೆಯ ಸಂಪುಟದಿಂದ ಶುರು ಮಾಡಬಹುದು. ನಮ್ಮ ಹಳೆಯ ಜಿಲ್ಲೆಯ ಶಾಸನಗಳು ಅದರಲ್ಲಿವೆ.

ಪ್ರಬಂಧಗಳ ಗಣಿ

ಪಿಎಚ್.ಡಿ. ಪ್ರಬಂಧಗಳು ಮೊದಲು ಲೈಬ್ರರಿಯ ಬೀಗ ಹಾಕಿದ ಕಪಾಟಿನಲ್ಲಿ ಇರುತ್ತಿದ್ದವು. ಈಗ ದೇಶದ ಪ್ರಬಂಧಗಳು ಶೋಧಗಂಗಾ ಅನ್ನುವ ಜಾಲತಾಣದಲ್ಲಿ ಸೇರುತ್ತವೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಇದನ್ನು ನಡೆಸುತ್ತದೆ. ಯಾರು ಬೇಕಾದರೂ ಓದಬಹುದು, ದುಡ್ಡಿಲ್ಲ, ಲಾಗಿನ್ ಬೇಡ. ಮಂಗಳೂರು, ಹಂಪಿ ಕನ್ನಡ, ಕುವೆಂಪು, ಕಣ್ಣೂರು ಹೀಗೆ ಒಂದೊಂದೇ ವಿಶ್ವವಿದ್ಯಾಲಯ ಆರಿಸಿ, ಅದರೊಳಗೆ ವಿಭಾಗ ಆರಿಸಿ ನೋಡುವುದು ಒಳ್ಳೆಯ ದಾರಿ. ಹುಡುಕುವ ಪೆಟ್ಟಿಗೆಯನ್ನೇ ನಂಬಬೇಡಿ.

ಯಾಕೆ ಅಂದರೆ, ಕನ್ನಡ ಪ್ರಬಂಧಗಳಲ್ಲಿ ಎಷ್ಟೋ ಸ್ಕ್ಯಾನ್ ಮಾಡಿದ ಚಿತ್ರಗಳು. ಇನ್ನು ಕೆಲವು ಹಳೆಯ ನುಡಿ ಫಾಂಟಿನಲ್ಲಿವೆ. ಕಣ್ಣಿಗೆ ಕನ್ನಡ ಕಂಡರೂ ಕಂಪ್ಯೂಟರಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಒಳಗಿನ ಪದ ಹುಡುಕಿದರೆ ಸಿಗುವುದಿಲ್ಲ, ಕಾಪಿ ಮಾಡಿದರೆ ಗೋಜಲು ಬರುತ್ತದೆ. ನುಡಿ ಅಕ್ಷರಗಳನ್ನು ಯೂನಿಕೋಡಿಗೆ ಬದಲಿಸುವ ಉಚಿತ ಸಾಧನಗಳಿವೆ. ಸ್ಕ್ಯಾನ್ ಆಗಿದ್ದರೆ ಪುಟವನ್ನು ಗೂಗಲ್ ಡ್ರೈವಿಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ, ಕನ್ನಡ ಅಕ್ಷರಗಳನ್ನು ಅದು ತಕ್ಕಮಟ್ಟಿಗೆ ಓದಿಕೊಡುತ್ತದೆ. ಒತ್ತಕ್ಷರ ಮತ್ತು ಅಂಕಿಗಳನ್ನು ಮೂಲದ ಜೊತೆ ಹೋಲಿಸಿ ತಿದ್ದಲೇಬೇಕು.

ಪ್ರಬಂಧ ಅಧ್ಯಾಯವಾರು ಬೇರೆ ಬೇರೆ ಫೈಲ್ ಆಗಿರುತ್ತದೆ. ಪೂರ್ತಿ ಇಳಿಸಿಕೊಳ್ಳುವ ಮೊದಲು ಎರಡು ಫೈಲ್ ತೆರೆಯಿರಿ. ಪರಿವಿಡಿ ಒಂದು, ಗ್ರಂಥಋಣ ಅಂದರೆ ಬಳಸಿದ ಆಕರಗಳ ಪಟ್ಟಿ ಇನ್ನೊಂದು. ಗ್ರಂಥಋಣದಲ್ಲೇ ನಿಜವಾದ ನಿಧಿ ಇರುವುದು. ನಿಮ್ಮ ವಿಷಯದಲ್ಲಿ ಮೊದಲೇ ವರ್ಷಗಟ್ಟಲೆ ಓಡಾಡಿದವರು ಎಲ್ಲೆಲ್ಲಿ ಏನೇನು ನೋಡಿದರು, ಯಾರ ಮನೆಯ ತಾಳೆಗರಿ, ಯಾವ ಪತ್ರಿಕೆಯ ಯಾವ ಸಂಚಿಕೆ, ಎಲ್ಲ ಅಲ್ಲಿದೆ. ಅನುಬಂಧವನ್ನೂ ಬಿಡಬೇಡಿ. ವಕ್ತೃಗಳ ಪಟ್ಟಿ, ಪಾಡ್ದನದ (ತುಳು ಜನಪದ ಹಾಡಿನ) ಪಠ್ಯ, ಸಂದರ್ಶನ ಇವೆಲ್ಲ ಅಲ್ಲಿರುತ್ತವೆ.

ಇ-ಜರ್ನಲ್‌ಗಳು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆ 2025ರ ಜನವರಿಯಿಂದ ಜಾರಿಗೆ ಬಂದಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಕೇಂದ್ರ ಮತ್ತು ರಾಜ್ಯ ಸರಕಾರಿ ಸಂಸ್ಥೆಗಳಿಗೆ ಇದರಿಂದ ಸಿಗುತ್ತವೆ. ಸರಕಾರಿ ಕಾಲೇಜಿನ ವಿದ್ಯಾರ್ಥಿಗೂ ಇದು ಅನ್ವಯಿಸುತ್ತದೆ. ಕ್ಯಾಂಪಸ್ ವೈಫೈಯಲ್ಲಿ ನೇರವಾಗಿ ತೆರೆಯುತ್ತದೆ. ಮನೆಯಿಂದ ನೋಡಲು ಲಾಗಿನ್ ಬೇಕು, ಅದನ್ನು ನಿಮ್ಮ ಲೈಬ್ರರಿಯಲ್ಲೇ ಕೇಳಿ ಪಡೆಯಬೇಕು. ಅನುದಾನಿತ ಕಾಲೇಜಿನವರು, ಕಾಲೇಜುಗಳಿಗೆ ಇ-ಪುಸ್ತಕ, ಇ-ಜರ್ನಲ್ ಒದಗಿಸುವ ಎನ್-ಲಿಸ್ಟ್ ಯೋಜನೆಯ ಲಾಗಿನ್ ಇದೆಯಾ ಅಂತ ವಿಚಾರಿಸಿ. ವಿಜ್ಞಾನದವರಿಗೆ ಇದೇ ಮುಖ್ಯ ಸಾಮಗ್ರಿ. ಕನ್ನಡದವರಿಗೆ ಕಡಿಮೆ ಸಿಗುತ್ತದೆ. ಆದರೂ ತೆಯ್ಯಂ, ಭೂತಕೋಲ, ಕರಾವಳಿಯ ವ್ಯಾಪಾರದ ಚರಿತ್ರೆ ಮುಂತಾದವುಗಳ ಮೇಲೆ ಇಂಗ್ಲಿಷಿನಲ್ಲಿ ಒಳ್ಳೆಯ ಲೇಖನಗಳಿವೆ.

ಮನೆಯಿಂದಲೇ ತೆರೆಯುವ ಹಳೆಯ ಪುಸ್ತಕಗಳು

ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಸಾವಿರಾರು ಹಳೆಯ ಕನ್ನಡ ಪುಸ್ತಕಗಳಿವೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾಕ್ಕಾಗಿ ಸ್ಕ್ಯಾನ್ ಆದವುಗಳ ಹೆಸರುಗಳಲ್ಲಿ ಕಾಗುಣಿತ ತಪ್ಪು ಜಾಸ್ತಿ. ಹೆಸರಿಗಿಂತ ಲೇಖಕರ ಮೇಲೆ, ವರ್ಷದ ಮೇಲೆ ಹುಡುಕಿ. ಖರಗ್‌ಪುರದ ಐಐಟಿ ನಡೆಸುವ ರಾಷ್ಟ್ರೀಯ ಡಿಜಿಟಲ್ ಲೈಬ್ರರಿಯೂ ಇದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿಯಲ್ಲಿ ನಿಘಂಟುಗಳು ಸಿಗುತ್ತವೆ.

ನಮ್ಮ ಕಡೆಯವರು ತಪ್ಪದೆ ನೋಡಬೇಕಾದದ್ದು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗುಂಡರ್ಟ್ ಪೋರ್ಟಲ್. ತಲಶ್ಶೇರಿಯಲ್ಲಿದ್ದ ಹರ್ಮನ್ ಗುಂಡರ್ಟ್ ಅವರ ಸಂಗ್ರಹ ಅದು. ಮಲಯಾಳಂ ಜಾಸ್ತಿ ಇದ್ದರೂ ಕನ್ನಡ, ತುಳು ಪುಸ್ತಕಗಳೂ ಇವೆ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಹಳೆಯ ಪುಸ್ತಕಗಳನ್ನು ಪುಟಪುಟವಾಗಿ ಅಲ್ಲಿ ನೋಡಬಹುದು.

ಮೂಲ ಕಡತಗಳೇ ಬೇಕು ಅನ್ನುವವರು ಒಂದಲ್ಲ ಒಂದು ದಿನ ಚೆನ್ನೈಗೆ ಹೋಗಬೇಕಾಗುತ್ತದೆ. ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿ ಸೌತ್ ಕೆನರಾ ಜಿಲ್ಲೆಯ ದಾಖಲೆಗಳಿವೆ. ಸರಕಾರಿ ಓರಿಯೆಂಟಲ್ ಹಸ್ತಪ್ರತಿ ಗ್ರಂಥಾಲಯದಲ್ಲಿ ಕನ್ನಡದ ತಾಳೆಗರಿ ಮತ್ತು ಕಾಗದದ ಪ್ರತಿಗಳಿವೆ. ಅವುಗಳ ವಿವರಣಾತ್ಮಕ ಸೂಚಿ ಮುದ್ರಣವಾಗಿದೆ. ಅದನ್ನು ಇಲ್ಲೇ ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ನೋಡಿ ನಂಬರ್ ಬರೆದುಕೊಂಡೇ ಹೋಗಿ. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ, ದಾರಿ ತೋರಿಸುವವರು ಅಲ್ಲಿ ಸಿಗುತ್ತಾರೆ.

ಕೌಂಟರಿನಲ್ಲಿ ಕೇಳುವ ರೀತಿ

"ಸರ್, ಕಾಸರಗೋಡಿನ ಬಗ್ಗೆ ಏನಾದರೂ ಇದೆಯಾ?" ಅಂತ ಕೇಳಿದರೆ, "ಓಪ್ಯಾಕ್ ನೋಡಿ" ಅಂತಲೇ ಉತ್ತರ ಬರುವುದು. ಅದರಲ್ಲಿ ಅವರ ತಪ್ಪಿಲ್ಲ. ಅದೇ ಹೀಗೆ ಕೇಳಿ ನೋಡಿ.

"ಮೇಡಂ, 1961ರ ಸೆನ್ಸಸ್ಸಿನ ಕ್ಯಾನನೂರ್ ಜಿಲ್ಲೆಯ ಹ್ಯಾಂಡ್‌ಬುಕ್ ಬೇಕಿತ್ತು. ಓಪ್ಯಾಕ್‌ನಲ್ಲಿ ಸಿಗಲಿಲ್ಲ. ಪಟ್ಟಿಗೆ ಸೇರದ ಸರಕಾರಿ ಪ್ರಕಟಣೆಗಳು ಬೇರೆ ಕಡೆ ಇಟ್ಟಿದ್ದೀರಾ?"

ಈಗ ಅವರು ಎದ್ದು ಬರುತ್ತಾರೆ. ಹಳೆಯ ಪುಸ್ತಕಗಳು ಕಂಪ್ಯೂಟರಿಗೆ ಇನ್ನೂ ಸೇರಿಲ್ಲದಿರಬಹುದು, ದಾನವಾಗಿ ಬಂದ ಸಂಗ್ರಹ ಬೇರೆ ಕೋಣೆಯಲ್ಲಿ ಇರಬಹುದು. ಇದು ಅಲ್ಲಿ ಕೆಲಸ ಮಾಡುವವರಿಗೆ ಮಾತ್ರ ಗೊತ್ತು. ಪೆರಿಯದಲ್ಲಾಗಲಿ ಕಣ್ಣೂರಿನಲ್ಲಾಗಲಿ ಸಿಬ್ಬಂದಿ ಮಲಯಾಳಂ ಮಾತನಾಡುವವರೇ ಜಾಸ್ತಿ. ಕನ್ನಡ ಪುಸ್ತಕದ ಹೆಸರನ್ನು ಬಾಯಲ್ಲಿ ಹೇಳುವ ಬದಲು ಚೀಟಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಕಾಲ್ ನಂಬರ್ ಜೊತೆಗೆ ಕೊಟ್ಟರೆ ಇಬ್ಬರಿಗೂ ಸುಲಭ. ಎಸ್. ಆರ್. ರಂಗನಾಥನ್ 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಓದುಗರ ಸಮಯ ಉಳಿಸಬೇಕು ಅನ್ನುವುದು ಒಂದು. ಅವರು ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರೇರಿಯನ್ ಆಗಿದ್ದಾಗ ಕಾಸರಗೋಡು ಅದೇ ಪ್ರೆಸಿಡೆನ್ಸಿಯಲ್ಲಿತ್ತು. ಕೇಳುವುದು ನಿಮ್ಮ ಹಕ್ಕು, ಹಿಂಜರಿಯಬೇಡಿ.

ನಿಮ್ಮ ಲೈಬ್ರರಿಯಲ್ಲಿ ಇಲ್ಲದ ಪುಸ್ತಕವನ್ನು ಬೇರೆ ಲೈಬ್ರರಿಯಿಂದ ತರಿಸುವ ವ್ಯವಸ್ಥೆ ಇದೆಯಾ ಅಂತಲೂ ಕೇಳಿ. ಲೈಬ್ರರಿಗಳು ಪುಸ್ತಕ ಹಂಚಿಕೊಳ್ಳುವ ಜಾಲವಾದ ಡೆಲ್‌ನೆಟ್‌ನ ಸದಸ್ಯತ್ವ ಇದ್ದರೆ ಸಾಧ್ಯ. ಕೊಂಡು ತರಿಸಲು ಶಿಫಾರಸು ಮಾಡುವ ಫಾರಂ ಇರುತ್ತದೆ. ಕನ್ನಡ ಪುಸ್ತಕಕ್ಕೆ ಬೇಡಿಕೆ ಬರೆದು ಕೊಡುವವರು ಕಡಿಮೆ ಇದ್ದರೆ ಕಪಾಟಿನಲ್ಲಿ ಕನ್ನಡದ ಸಾಲು ಬೆಳೆಯುವುದಾದರೂ ಹೇಗೆ? ಪ್ರಕಾಶಕರು, ವರ್ಷ, ಬೆಲೆ ಎಲ್ಲ ಬರೆದು ಸೆಮಿಸ್ಟರಿಗೆ ಒಂದೆರಡಾದರೂ ಕೊಡಿ.

ಜೆರಾಕ್ಸ್, ಫೋಟೋ, ಟಿಪ್ಪಣಿ

ಮೊದಲು ಅನುಮತಿ ಕೇಳಿ. ಸ್ವಂತ ಅಧ್ಯಯನಕ್ಕೆ, ಸಂಶೋಧನೆಗೆ ನ್ಯಾಯವಾದ ಮಿತಿಯಲ್ಲಿ ಪ್ರತಿ ಮಾಡಿಕೊಳ್ಳಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಇಡೀ ಪುಸ್ತಕ ಪ್ರತಿ ಮಾಡಿ ಮಾರುವುದಕ್ಕಲ್ಲ. ಲೇಖಕರು ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಗೋವಿಂದ ಪೈಯವರು ತೀರಿಕೊಂಡದ್ದು 1963ರಲ್ಲಿ. ಹಾಗಾಗಿ ಅವರು ಬದುಕಿದ್ದಾಗ ಪ್ರಕಟವಾದ ಬರಹಗಳು 2024ರ ಜನವರಿಯಿಂದ ಎಲ್ಲರಿಗೂ ಮುಕ್ತ. ಹೊಸ ಆವೃತ್ತಿಗೆ ಸಂಪಾದಕರು ಬರೆದ ಮುನ್ನುಡಿ, ಟಿಪ್ಪಣಿಗಳಿಗೆ ಮಾತ್ರ ಬೇರೆ ಹಕ್ಕು ಇರುತ್ತದೆ.

ಫೋಟೋ ತೆಗೆಯುವಾಗ ಮೊದಲ ಚಿತ್ರ ಶೀರ್ಷಿಕೆ ಪುಟದ್ದು, ಎರಡನೆಯದು ಅದರ ಹಿಂಬದಿಯದ್ದು, ಮೂರನೆಯದು ಬೆನ್ನಿನ ಚೀಟಿಯದ್ದು ಇರಲಿ. ಆಮೇಲೆ ಬೇಕಾದ ಪುಟ, ಪುಟಸಂಖ್ಯೆ ಕಾಣುವ ಹಾಗೆ. ತಾಳೆಗರಿ, ಹಳೆಯ ಕಾಗದಕ್ಕೆ ಫ್ಲ್ಯಾಶ್ ಬೇಡ. ಪೆನ್ನು ಒಳಗಿಡಿ, ಪೆನ್ಸಿಲಿನಲ್ಲೇ ಬರೆಯಿರಿ. ಕಂಪ್ಯೂಟರ್ ಬಳಸುವವರು ಜೊಟೆರೊ ಅನ್ನುವ ಉಚಿತ ತಂತ್ರಾಂಶದಲ್ಲಿ ಪುಸ್ತಕದ ವಿವರ ಸೇರಿಸುತ್ತಾ ಹೋದರೆ ಕೊನೆಗೆ ಗ್ರಂಥಋಣ ತಾನಾಗಿ ತಯಾರಾಗುತ್ತದೆ.

ಸ್ಮರಣ ಸಂಚಿಕೆಗಳು

ಒಂದು ಬಗೆಯ ಸಾಮಗ್ರಿ ಬಾಕಿ ಉಳಿಯಿತು. ಶಾಲೆಯ ಶತಮಾನೋತ್ಸವ, ದೇವಸ್ಥಾನದ ಬ್ರಹ್ಮಕಲಶ, ಯಕ್ಷಗಾನ ಸಂಘದ ವಾರ್ಷಿಕೋತ್ಸವ, ಸಾಹಿತ್ಯ ಸಮ್ಮೇಳನ ಇವಕ್ಕೆಲ್ಲ ನಮ್ಮಲ್ಲಿ ಸ್ಮರಣ ಸಂಚಿಕೆ ತರುತ್ತಾರೆ. ಊರಿನ ಮೇಷ್ಟ್ರುಗಳ, ಭಾಗವತರ, ಪಟೇಲರ ವಿವರ ಇವುಗಳಲ್ಲಿ ಬಿಟ್ಟರೆ ಬೇರೆಲ್ಲೂ ಇರುವುದಿಲ್ಲ. ಇವು ಅಂಗಡಿಗೆ ಬರುವುದಿಲ್ಲ, ಐಎಸ್‌ಬಿಎನ್ ಇರುವುದಿಲ್ಲ, ಹಾಗಾಗಿ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಸಿಗುವುದು ಅಪರೂಪ. ಇವನ್ನು ಊರಿನ ಗ್ರಂಥಾಲಯಗಳಲ್ಲಿ ಹುಡುಕಿ. ಕೇರಳದಲ್ಲಿ ಹಳ್ಳಿಹಳ್ಳಿಗೆ ಗ್ರಂಥಾಲಯ ಇರುವುದು ನಮಗೆ ದೊಡ್ಡ ಅನುಕೂಲ, ಅಲ್ವಾ.

ನಿಮ್ಮ ಮನೆಯ ಅಟ್ಟದಲ್ಲಿ ಇಂಥ ಸಂಚಿಕೆಗಳಿದ್ದರೆ ಎರಡನೆಯ ಪ್ರತಿಯನ್ನು ವಿಶ್ವವಿದ್ಯಾಲಯದ ಲೈಬ್ರರಿಗೆ ಕೊಡಿ. ಸುಮ್ನೆ ಕಟ್ಟು ಕಟ್ಟಿ ಕೌಂಟರಿನಲ್ಲಿ ಇಟ್ಟು ಬರಬೇಡಿ. ಮೊದಲು ಪಟ್ಟಿ ಕಳಿಸಿ, ಅವರಲ್ಲಿ ಈಗಾಗಲೇ ಇರುವುದನ್ನು ಬಿಟ್ಟು ಉಳಿದದ್ದನ್ನು ಕೇಳುತ್ತಾರೆ. ಸಂಚಿಕೆಯಲ್ಲಿ ವರ್ಷವಾಗಲಿ ಊರಾಗಲಿ ಅಚ್ಚಾಗಿರದಿದ್ದರೆ ಒಳಪುಟದಲ್ಲಿ ಪೆನ್ಸಿಲಿನಿಂದ ಸಮಾರಂಭದ ಹೆಸರು, ಊರು, ಪಂಚಾಯತು, ವರ್ಷ, ಸಂಪಾದಕರ ಹೆಸರು ಬರೆಯಿರಿ. ಊರಿನ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ. ಪಟ್ಟಿ ಮಾಡುವವರಿಗೆ ಕನ್ನಡ ಬಾರದಿದ್ದರೂ ಆಗ ಅದು ಸರಿಯಾದ ಹೆಸರಿನಲ್ಲಿ ಓಪ್ಯಾಕ್‌ಗೆ ಸೇರುತ್ತದೆ.